ಹೆಸರಿನ ಕೆಳಗಿನ ಒಂದು ಸಾಲು

ಚಾಟ್‌ನಲ್ಲಿ ಹೆಸರಿನ ಕೆಳಗೆ ಸ್ಟೇಟಸ್ ಅಂತ ಒಂದು ಸಾಲು ಬರೆಯೋಕೆ ಜಾಗ ಕೊಟ್ಟವರು ಯಾರೋ ನನಗೆ ಗೊತ್ತಿಲ್ಲ. ಅವರು ಯಾವತ್ತೂ ಆಫೀಸಲ್ಲಿ ಅಡ್ಮಿನ್ ಕೆಲಸ ಮಾಡಿದವರಲ್ಲ ಅನ್ನೋದು ಮಾತ್ರ ಖಾತ್ರಿ. ಎರಡು ಸಾವಿರದ ಆರರ ಸುಮಾರಿಗೆ ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ನಾನು ಆ ಕೆಲಸ ಮಾಡ್ತಿದ್ದೆ. ಟೀ ಮಿಷನ್ ಕೆಟ್ಟರೂ ನನ್ನ ಹತ್ತಿರ ಬರೋರು, ಸ್ಟೇಟಸ್ ಕೆಟ್ಟರೂ ನನ್ನ ಹತ್ತಿರವೇ. ಟೀ ಮಿಷನ್ ವರ್ಷಕ್ಕೆರಡು ಸಲ ಕೆಡ್ತಿತ್ತು. ಸ್ಟೇಟಸ್ಸು ವಾರಕ್ಕೊಂದು.

ಎದ್ದು ಹೋದವರು

ನಮ್ಮ ಮ್ಯಾನೇಜರ್ ಒಂದು ದಿನ ಎಲ್ಲರನ್ನೂ ಕರೆದು, "ಸೀಟು ಬಿಟ್ಟು ಎದ್ದರೆ ಎಲ್ಲಿಗೆ ಹೋಗಿದ್ದೀರಿ ಅಂತ ಸ್ಟೇಟಸ್‌ನಲ್ಲಿ ಹಾಕಿ. ವಿದೇಶದ ಕ್ಲೈಂಟೂ ನೋಡ್ತಿರ್ತಾರೆ" ಅಂದರು.

ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಒಬ್ಬ ಹಿರಿಯರಿದ್ದರು. ತಿಪ್ಪಸಂದ್ರದವರು, ಕಾರ್ಖಾನೆಯಿಂದ ರಿಟೈರಾಗಿ ನಮ್ಮಲ್ಲಿಗೆ ಬಂದಿದ್ದರು. ಮೂವತ್ತು ವರ್ಷ ಗೇಟ್ ಪಾಸ್ ಬರೆಸದೆ ಹೊರಗೆ ಕಾಲಿಟ್ಟವರಲ್ಲ. ಶುಕ್ರವಾರ ಸಂಜೆ ಎದ್ದವರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ, "ಟಾಯ್ಲೆಟ್‌ನಲ್ಲಿದ್ದೇನೆ" ಅಂತ ಹಾಕಿದರು. ಬಂದ ಮೇಲೆ ಬಸ್ಸಿಗೆ ಹೊತ್ತಾಯಿತು ಅಂತ ಕಂಪ್ಯೂಟರ್ ಆಫ್ ಮಾಡದೆ ಹಾಗೇ ಹೊರಟುಹೋದರು.

ಸೋಮವಾರ ಕ್ಲೈಂಟಿನಿಂದ ಮೇಲ್ ಬಂದಿತ್ತು: ನಿಮ್ಮವರು ಮೂರು ದಿನದಿಂದ ಅಲ್ಲೇ ಇದ್ದಾರೆ, ಬಾಗಿಲೇನಾದರೂ ಸಿಕ್ಕಿಹಾಕಿಕೊಂಡಿದೆಯೇ?

ನಾನು ಆ ಮೇಲ್ ತೋರಿಸಿದೆ. ಹಿರಿಯರು ಕನ್ನಡಕ ಸರಿಮಾಡಿಕೊಂಡು ಓದಿದರು.

"ನಾನು ಸುಳ್ಳು ಬರ್ದಿಲ್ಲ ಮೇಡಂ. ಹೋಗಿದ್ದು ನಿಜ. ವಾಪಸ್ ಬಂದಿದ್ದನ್ನೂ ಬರೀಬೇಕು ಅಂತ ಯಾರೂ ಹೇಳ್ಲಿಲ್ವಲ್ಲ!"

ನೋಡಿದೆ, ಬೇಡ

ನಮ್ಮ ರಿಸೆಪ್ಷನ್‌ನಲ್ಲಿ ರಾಯಚೂರು ಕಡೆಯ ಹುಡುಗಿ ಒಬ್ಬಳಿದ್ದಳು. ಮಾರತ್ತಹಳ್ಳಿ ಹತ್ತಿರ ಅಪ್ಪ ಅಮ್ಮನ ಜೊತೆ ಒಂದೇ ರೂಮಿನ ಮನೆಯಲ್ಲಿದ್ದಳು. ಒಂದು ಭಾನುವಾರ ಕೆ.ಆರ್. ಪುರದಿಂದ ಹುಡುಗನ ಕಡೆಯವರು ಬಂದು ಇವಳನ್ನ ನೋಡಿಕೊಂಡು ಹೋದರು. ಅವರಿಗೆ ಒಪ್ಪಿಗೆಯಾಯಿತು. ಹುಡುಗನ ತಂಗಿ ಆಗಲೇ ಅತ್ತಿಗೆ ಅಂತ ಕರೆದು ಚಾಟ್ ಲಿಸ್ಟಿಗೂ ಸೇರಿಸಿಕೊಂಡಳು.

ಮಂಗಳವಾರ ಮಧ್ಯಾಹ್ನ ಹುಡುಗಿಯ ಅಪ್ಪನ ಫೋನು ನನಗೆ. "ಮೇಡಂ, ನಮ್ಮ ಹುಡುಗಿ ಅದ್ಯಾವ್ದರಾಗೋ 'ನೋಡಿದೆ, ಬೇಡ' ಅಂತ ಬರ್ದಾಳಂತ. ಅವ್ರು ಸಂಬಂಧ ಬ್ಯಾಡ ಅಂತ ಹೇಳಿಬಿಟ್ರು."

ಅವಳನ್ನ ಕರೆದು ಕೇಳಿದರೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ, ಅದು ಬಾಡಿಗಿ ಮನಿ ಬಗ್ಗೆರಿ ಅಕ್ಕಾ! ದೊಡ್ಡ ಮನಿ ನೋಡಾಕ ಹೋಗಿದ್ದೆ. ನೀರಿಲ್ಲ, ಬೆಳಕಿಲ್ಲ."

"ಸರಿ, ಈಗ್ಲೇ ಫೋನ್ ಮಾಡಿ ಹೇಳೋಣ. ಇಲ್ಲಾಂದ್ರೆ ಮದುವೆ ನಿಂತುಹೋಗುತ್ತೆ."

ನಾನು ರಿಸೀವರ್ ಎತ್ತಿದೆ. ಅವಳು ಮೆಲ್ಲಗೆ ನನ್ನ ಕೈ ಹಿಡಿದಳು. ಆ ಹುಡುಗ ಬಂದ ಕೂಡಲೆ, ಮದುವೆ ಆದಮೇಲೆ ಕೆಲಸ ಬಿಡಬೇಕು ಅಂದಿದ್ದನಂತೆ. ಅಪ್ಪನಿಗೆ ಒಲ್ಲೆ ಅನ್ನಲು ಇವಳಿಗೆ ಧೈರ್ಯ ಬಂದಿರಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾ," ಅಂದಳು. "ಎರಡಕ್ಕೂ ಒಂದೇ ಸಾಲು ಸಾಕಾತು."

ಮ್ಯಾನೇಜರ್ ಪಾಠ

ಇದಾದ ಮೇಲೆ ಮ್ಯಾನೇಜರ್ ಒಂದು ಮೀಟಿಂಗ್ ಕರೆದರು. ರಿಚರ್ಡ್ಸ್ ಟೌನಿನವರು, ಇಸ್ತ್ರಿ ಮಾಡಿದ ಶರ್ಟಿನಷ್ಟೇ ಬಿಗಿಯಾದ ಮನುಷ್ಯ. ಸ್ಟೇಟಸ್ ಅಂದರೆ ಬೀದಿಗೆ ಹಾಕಿದ ಬೋರ್ಡು, ಮನೆ ವಿಷಯ ಅಲ್ಲಿ ಬರಕೂಡದು ಅಂತ ಮುಕ್ಕಾಲು ಗಂಟೆ ಹೇಳಿದರು. ನನಗೆ ಆಕಳಿಕೆ ತಡೆದೂ ತಡೆದೂ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ, ಮಾತು ಮನಸ್ಸಿಗೆ ತಾಗಿದೆ ಅಂದುಕೊಂಡರೋ ಏನೋ, ಇನ್ನೂ ಹತ್ತು ನಿಮಿಷ ಹೇಳಿದರು.

ಎರಡು ದಿನ ಕಳೆದಿರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಲ್ಲಿ ಎಲ್ಲರೂ ಕೆಲಸ ಬಿಟ್ಟು ಚಾಟ್ ಲಿಸ್ಟನ್ನೇ ನೋಡತೊಡಗಿದರು. ನಾನೂ ನೋಡಿದೆ. ಮ್ಯಾನೇಜರ್ ಹೆಸರಿನ ಕೆಳಗೆ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ: "ತಪ್ಪಾಯ್ತು ಚಿನ್ನು. ಇನ್ಮೇಲೆ ಪಾತ್ರೆ ನಾನೇ ತೊಳೀತೀನಿ. ಇವತ್ತಾದ್ರೂ ಮಾತಾಡು."

ಹೆಂಡತಿಗೆ ಕಳಿಸಬೇಕಾದ ಮೆಸೇಜನ್ನು ಪಾಪ, ಅವಸರದಲ್ಲಿ ಸ್ಟೇಟಸ್ ಜಾಗದಲ್ಲಿ ಟೈಪ್ ಮಾಡಿದ್ದರು.

ಹೇಳೋರು ಯಾರು? ಎಲ್ಲರೂ ನನ್ನ ಕಡೆ ನೋಡಿದರು. ಕ್ಯಾಬಿನ್ ಬಾಗಿಲು ತಟ್ಟಿದೆ.

"ಸಾರ್, ಸ್ವಲ್ಪ ಸ್ಟೇಟಸ್..."

"ನನಗೆ ಹೇಳ್ಬೇಡಿ ಮೇಡಂ, ತಪ್ಪು ಮಾಡಿದೋರಿಗೆ ಹೇಳಿ," ಅಂದರು, ತಲೆ ಎತ್ತದೆ.

ನಾನು ವಾಪಸ್ ಬಂದು ಕೂತೆ. ಅಷ್ಟರಲ್ಲಿ ನನ್ನ ಟೇಬಲ್ಲಿನ ಫೋನು ಹೊಡೆಯಿತು. ಮ್ಯಾನೇಜರ್ ಹೆಂಡತಿ.

"ಮೇಡಂ, ಅವರ ಸ್ಟೇಟಸ್ ನೋಡಿದ್ರಾ?"

"ನೋಡಿದೆ ಮೇಡಂ," ಅಂದೆ ಸಂಕೋಚದಿಂದ. "ಈಗ್ಲೇ ತೆಗೆಸ್ತೀನಿ."

"ಬೇಡ ಬೇಡ!" ಅಂದರು ಆಕೆ. "ಸಂಜೆವರೆಗೂ ಇರ್ಲಿ. ನಮ್ಮತ್ತೆ ಇನ್ನೂ ಓದಿಲ್ಲ. ಕನ್ನಡಕ ಹುಡುಕ್ತಿದ್ದಾರೆ."