‘ಸುತ್ತೋಲೆ’ ಎಂದೊಡನೆ ಮಕ್ಕಳು ಗರಗರ ಸುತ್ತುವ ಬಗ್ಗೆ

ಸಂಖ್ಯೆ: ಶಿಪಾಕೊ/ಗರಗರ/ಬುಗುರಿ/ಮತ್ತೊಮ್ಮೆ

ವಿಷಯ: ಕಚೇರಿಯ ನೆಲಮಹಡಿಯಲ್ಲಿರುವ ಶಿಶುಪಾಲನಾ ಕೊಠಡಿಯಲ್ಲಿ ‘ಸುತ್ತೋಲೆ’ ಎಂಬ ಪದವನ್ನು ಓದಿದೊಡನೆ ನೌಕರರ ಮಕ್ಕಳು ನಿಂತಲ್ಲೇ ಸುತ್ತುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ:
(ಅ) ಪಾದರಕ್ಷೆಗಳನ್ನು ಜೋಡಿಯಾಗಿ ಬಿಡುವ ಬಗ್ಗೆ ಹೊರಡಿಸಿದ ಹಿಂದಿನ ಸುತ್ತೋಲೆ (ಮೊದಲ ಪದದಿಂದಾಚೆ ಯಾರೂ ಕೇಳಿಸಿಕೊಂಡಿರುವುದಿಲ್ಲ).
(ಆ) ಸದರಿ ಕೊಠಡಿಯ ಆಯಾ ಅವರ ಸಮಜಾಯಿಷಿ.
(ಇ) ಅಧೀಕ್ಷಕರ ಸ್ಥಳ ತನಿಖೆ (ತಲೆ ಸುತ್ತಿದ ಕಾರಣ ಅಪೂರ್ಣ).

*

ಈ ಕಚೇರಿಯ ಬೆರಳಚ್ಚುಗಾರರ ಮಗಳು, ಮನೆಯಲ್ಲಿ ಬಾಯಿಗೆ ಬಿಡುವು ಕೊಡದ ಕಾರಣಕ್ಕೆ ‘ಪಿಟಿಪಿಟಿ’ ಎಂದೇ ಕರೆಯಲ್ಪಡುವ ಮಗು, ಸದರಿ ಕೊಠಡಿಗೆ ಸೇರಿದಂದಿನಿಂದ ತುಟಿ ಪಿಟಕ್ಕೆನ್ನದೆ, ಅಳುವುದಕ್ಕೆ ಮಾತ್ರ ಬಾಯಿ ತೆರೆಯುತ್ತಾ, ಪ್ರತಿದಿನ ಬೆಳಿಗ್ಗೆ ತಂದೆಯ ಪ್ಯಾಂಟಿನ ಎಡಗಾಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಪ್ಯಾಂಟನ್ನು ಬಿಟ್ಟು ಹೋಗಲು ಮರ್ಯಾದೆಯೂ ಮಗುವನ್ನು ಬಿಟ್ಟು ಹೋಗಲು ಮನಸ್ಸೂ ಒಪ್ಪದೆ, ಬೆರಳಚ್ಚುಗಾರರು ಹೊಸ್ತಿಲಲ್ಲೇ ಉಳಿಯುತ್ತಿದ್ದುದರಿಂದ ಮೇಲಿನ ಮಹಡಿಯಲ್ಲಿ ಬೆರಳಚ್ಚಾಗಬೇಕಾದ ಪತ್ರಗಳು ಗುಡ್ಡೆ ಬಿದ್ದಿರುತ್ತವೆ.

ಹೀಗಿರಲು, ಉಲ್ಲೇಖ (ಅ)ರ ಸುತ್ತೋಲೆಯನ್ನು ಆಯಾ ಅವರು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಲಾರಂಭಿಸಿದಾಗ, ಮಕ್ಕಳು ಅದನ್ನು “ಸುತ್ತೋ, ಲೇ” ಎಂದು ಗ್ರಹಿಸಿ, ಕೈ ಚಾಚಿ, ಗರಗರ ಸುತ್ತಿ, ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ಮಕ್ಕಳನ್ನು ‘ಲೇ’ ಎಂದ ಬಗ್ಗೆ ವಿವರಣೆ ಕೇಳಲಾಗಿ, ಆಯಾ ಅವರು “ನಾನ್ಯಾಕೆ ಮಕ್ಕಳನ್ನ ಲೇ ಅನ್ಲಿ ಸ್ವಾಮಿ? ನೀವು ಬರೆದಿದ್ದನ್ನೇ ಓದಿದ್ದು” ಎಂದು ತಿಳಿಸಿರುತ್ತಾರೆ. ಇಲಾಖೆಯು ತಾನು ಬರೆದಿದ್ದನ್ನು ಮರುಪರಿಶೀಲಿಸಿ, ವಿವರಣೆ ಕೇಳಿದ ಪತ್ರವನ್ನು ಹಿಂಪಡೆದಿರುತ್ತದೆ.

ಅದೇ ಗದ್ದಲದಲ್ಲಿ ಪಿಟಿಪಿಟಿಯು ಪ್ಯಾಂಟನ್ನು ಬಿಟ್ಟು, ತಾನೂ ಒಂದು ಸುತ್ತು ಸುತ್ತಿ, ಕುಕ್ಕರುಬಿದ್ದು, ನಕ್ಕು, ಕೊಠಡಿಯಲ್ಲಿ ತನ್ನ ಮೊಟ್ಟಮೊದಲ ಹೇಳಿಕೆಯನ್ನು ನೀಡಿದ್ದು, ಅದನ್ನು ಯಥಾವತ್ ದಾಖಲಿಸಲಾಗಿದೆ: “ಅಪ್ಪಾ, ನೀ ಹೋಗು. ನಂಗೆ ಸುತ್ತೋದಿದೆ.”

ಪದವನ್ನು ಬದಲಿಸಿ ಶಿಸ್ತು ತರಲು ಇಲಾಖೆ ನಡೆಸಿದ ಪ್ರಯತ್ನಗಳು ಫಲಿಸಿರುವುದಿಲ್ಲ. ‘ಆದೇಶ’ ಎಂದು ಓದಲಾಗಿ, “ಯಾವ ದೇಶ?” ಎಂದು ಕೇಳಿ ಮಕ್ಕಳು ಚೀಲ ಹೆಗಲಿಗೇರಿಸಿ ಹೊರಟುನಿಂತಿರುತ್ತಾರೆ. ‘ಮೇಲ್ಕಂಡ’ ಎಂದು ಓದಲಾಗಿ, ಎಲ್ಲರೂ ಮೇಲೆ ನೋಡಿದ್ದು, ಅಲ್ಲಿ ಕಂಡ ಹಲ್ಲಿಯೊಂದಿಗೆ ಮಾತುಕತೆ ಇಂದಿಗೂ ಮುಂದುವರಿದಿರುತ್ತದೆ. ‘ಪ್ರಕಟಣೆ’ ಎಂದಾಗ ಯಾರೂ ಅಲುಗಾಡಿಲ್ಲ. ಪಿಟಿಪಿಟಿಯು ಮರಳಿ ಎಡಗಾಲನ್ನು ಹಿಡಿದು, ಬಿಟ್ಟ ಅಳುವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿರುತ್ತಾಳೆ.

ಆದ್ದರಿಂದ, ಬೇರೆ ದಾರಿ ಕಾಣದೆ, ಈ ಕೆಳಗಿನಂತೆ ಸೂಚಿಸಲಾಗಿದೆ:

1. ಪ್ರತಿದಿನ ಬೆಳಿಗ್ಗೆ ಒಂದು ಸುತ್ತೋಲೆಯನ್ನು ಕಡ್ಡಾಯವಾಗಿ ಹೊರಡಿಸತಕ್ಕದ್ದು. ವಿಷಯವಿಲ್ಲದಿದ್ದಲ್ಲಿ, ವಿಷಯವಿಲ್ಲವೆಂಬುದನ್ನೇ ವಿಷಯವಾಗಿ ಪರಿಗಣಿಸತಕ್ಕದ್ದು.

2. ‘ಸುತ್ತೋ’ ಎಂಬುದು ಗಂಡುಮಕ್ಕಳಿಗೆ ಮಾತ್ರ ಹೇಳಿದಂತಾಗಿ ತಮಗೆ ಅನ್ಯಾಯವಾಗಿದೆ ಎಂದು ಹೆಣ್ಣುಮಕ್ಕಳು ಸಲ್ಲಿಸಿದ ದೂರನ್ನು ಅಂಗೀಕರಿಸಿ, ಇನ್ನು ಮುಂದೆ ‘ಸುತ್ತೋಲೆ’ ಮತ್ತು ‘ಸುತ್ತೇಲೆ’ ಎಂದು ಎರಡನ್ನೂ ಓದತಕ್ಕದ್ದು. ಗೆಜೆಟೆಡ್ ಅಧಿಕಾರಿಗಳು ಹಾಜರಿದ್ದಲ್ಲಿ ‘ತಾವೂ ದಯಮಾಡಿ ಸುತ್ತೋಣವಾಗಲಿ’ ಎಂದು ಸೇರಿಸತಕ್ಕದ್ದು.

3. ಬಲಕ್ಕೆ ಸುತ್ತಿದವರು ಎಡಕ್ಕೂ ಸುತ್ತಿ ಲೆಕ್ಕ ಚುಕ್ತಾ ಮಾಡತಕ್ಕದ್ದು. ತಪ್ಪಿದಲ್ಲಿ ಉಳಿಕೆ ಸುತ್ತುಗಳನ್ನು ಅಧೀಕ್ಷಕರು ಸುತ್ತತಕ್ಕದ್ದು.

4. ತನಿಖೆಯ ವೇಳೆ ಅಧೀಕ್ಷಕರು ಸುತ್ತಿದ್ದು ಪರಿಶೀಲನಾರ್ಥವೇ ಹೊರತು ಸಂತೋಷಕ್ಕಾಗಿ ಅಲ್ಲ. ಅವರು ಎರಡನೆಯ ಸಲ ಸುತ್ತಿದ್ದು ಮೊದಲನೆಯದನ್ನು ಖಚಿತಪಡಿಸಿಕೊಳ್ಳಲು. ನೀರಿನ ಹೂಜಿಯಲ್ಲಿ ದೊರೆತ ಕನ್ನಡಕವನ್ನು ಅವರು ಸಹಿ ಮಾಡಿ ಪಡೆದುಕೊಳ್ಳತಕ್ಕದ್ದು.

5. ಬಿದ್ದವರು “ಭೂಮಿ ತಿರುಗ್ತಿದೆ” ಎಂದು ವರದಿ ಮಾಡಿದಲ್ಲಿ, ಅದು ಇಲಾಖೆಗೆ ಮೊದಲೇ ತಿಳಿದ ವಿಚಾರವಾದರೂ, ಹೊಸದಾಗಿ ಕೇಳಿದಂತೆ ಬೆರಗಾಗತಕ್ಕದ್ದು.

6. ಮಗು ‘ಹೋಗು’ ಎಂದ ಮೇಲೆ ತಂದೆಯಾದವರು ಹೋಗತಕ್ಕದ್ದು. ಬೆರಳಚ್ಚುಗಾರರು ಹೋದಂತೆ ಮಾಡಿ, ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಹಚ್ಚಿ, ಕತ್ತನ್ನಷ್ಟೇ ಕಳಿಸಿ ನೋಡುತ್ತಿರುವುದಾಗಿ ದೂರುಗಳಿವೆ. ಇದು ಸಲ್ಲದು. ಸದರಿ ಜಾಗದಲ್ಲಿ ಅಧೀಕ್ಷಕರು ನಿಲ್ಲುವುದು ಮೊದಲಿನಿಂದಲೂ ರೂಢಿಯಲ್ಲಿದೆ.

7. ನಿನ್ನೆ ಆಯಾ ಅವರು ರಜೆಯಲ್ಲಿದ್ದು, ಸುತ್ತೋಲೆ ಓದುವವರಿಲ್ಲದೆ ಇಲಾಖೆ ಉಸಿರು ಬಿಗಿಹಿಡಿದಿತ್ತು. ಆದರೆ ಪಿಟಿಪಿಟಿಯು ಪ್ಯಾಂಟಿನ ಕಡೆ ತಿರುಗಿಯೂ ನೋಡದೆ, ಯಾವುದೇ ಪೂರ್ವಾನುಮತಿಯಿಲ್ಲದೆ ನೇರವಾಗಿ ಒಳಗೆ ಹೋಗಿ, ಬಾಗಿಲಲ್ಲಿ ಅಳುತ್ತಾ ನಿಂತಿದ್ದ ಹೊಸ ಮಗುವಿನ ಕೈ ಹಿಡಿದು, ತಾನೇ “ಸುತ್ತೋ, ಲೇ” ಎಂದು ಮೌಖಿಕ ಸುತ್ತೋಲೆ ಹೊರಡಿಸಿರುತ್ತಾಳೆ. ಇದು ಅಧಿಕಾರ ವ್ಯಾಪ್ತಿಯನ್ನು ಮೀರಿದ ಕೃತ್ಯವಾಗಿದ್ದು, ಘಟನೋತ್ತರವಾಗಿ ಅನುಮೋದಿಸಲಾಗಿದೆ.

8. ಈ ಹಿನ್ನೆಲೆಯಲ್ಲಿ, ಯಾರೂ ಹಿಡಿಯದೆ ಖಾಲಿ ಬಿದ್ದಿರುವ ಎಡಗಾಲಿನ ಬಗ್ಗೆ ಬೆರಳಚ್ಚುಗಾರರು ಸಲ್ಲಿಸಿರುವ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ಪುರಸ್ಕರಿಸಲಾಗಿದೆ.

(ಸಹಿ ದುಂಡಗೆ ಬಂದಿರುವುದನ್ನು ಮನ್ನಿಸುವುದು)
ಅಧೀಕ್ಷಕರು

ಪ್ರತಿಗಳು:
– ಆಯಾ ಅವರಿಗೆ, ಗಟ್ಟಿಯಾಗಿ ಓದಲು ಹಾಗೂ ಓದಿದ ಕೂಡಲೇ ಪಕ್ಕಕ್ಕೆ ಸರಿಯಲು.
– ಬೆರಳಚ್ಚುಗಾರರಿಗೆ. ಆರನೆಯ ಕಲಮನ್ನು ಬೇಕೆಂದೇ ಮಸುಕಾಗಿ ಅಚ್ಚು ಮಾಡಿರುವುದು ಗಮನಕ್ಕೆ ಬಂದಿದೆ.
– ಸೀಲಿಂಗ್ ಫ್ಯಾನಿಗೆ, ಮೇಲ್ಪಂಕ್ತಿಯಾಗಿ ಮುಂದುವರಿಯಲು.
– ಹಲ್ಲಿಗೆ, ಮಾಹಿತಿಗಾಗಿ.
– ಎದುರು ಬೀದಿಯ ಇಸ್ತ್ರಿ ಅಂಗಡಿಯವರಿಗೆ: ಬೆರಳಚ್ಚುಗಾರರ ಪ್ಯಾಂಟಿನ ಬಲಗಾಲನ್ನು ಮಾತ್ರ ಇಸ್ತ್ರಿ ಮಾಡತಕ್ಕದ್ದು. ಎಡಗಾಲಿನ ಮೊಣಕಾಲ ಹತ್ತಿರದ ಸುಕ್ಕನ್ನು ಮುಂದಿನ ಆದೇಶದವರೆಗೆ ಯಥಾಸ್ಥಿತಿಯಲ್ಲಿ ಕಾಪಾಡುವುದು.