ಮೂರನೇ ಮಹಡಿಯ ಸ್ಯಾಕ್ಸೊಫೋನನ್ನು ಮದುವೆಗೆ ಮುಂಚೆ ಕರೆಸಿಕೊಳ್ಳಬಾರದೆಂದು

ಸೋದರಿ ನಗರಗಳ ಸಂಗೀತ ವಿನಿಮಯ ಸಮಿತಿಯ ಸಂಚಾಲಕರಿಗೆ,

ಮಾನ್ಯರೇ,

ಚೆಂಬೂರಿನ ನಮ್ಮ ಹಳೆಯ ಬಿಲ್ಡಿಂಗ್‌ನ ಮೂರನೇ ಮಹಡಿಯಿಂದ ಅಕ್ಕು ಚೆನ್ನಯ ಪೂಜಾರಿ ಮಾಡುವ ಅನಂತ ನಮಸ್ಕಾರಗಳು. ಮುಂಬಯಿಗೂ ಯುರೋಪಿನ ಯಾವುದೋ ಚಳಿಯ ಊರಿಗೂ ಅಕ್ಕತಂಗಿಯರ ಸಂಬಂಧ ಬೆಳೆಸಿ, ಆ ಊರಿನ ಸ್ಯಾಕ್ಸೊಫೋನ್ ವಾದಕರಾದ ಲುಕಾಸ್ ಸಾಹೇಬರನ್ನು ಆರು ತಿಂಗಳು ನಮ್ಮ ನಡುವೆಯೇ ಇದ್ದು ನುಡಿಸಲೆಂದು ಕರೆತಂದು, ಇಷ್ಟು ದೊಡ್ಡ ನಗರದಲ್ಲಿ ಬೇರೆಲ್ಲೂ ಜಾಗವಿಲ್ಲವೆಂಬಂತೆ ನಮ್ಮ ಪಕ್ಕದ ಫ್ಲ್ಯಾಟಿನಲ್ಲೇ ಇಳಿಸಿದ ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಆದರೆ ಮೊನ್ನೆ ತಾವು ಲಿಫ್ಟಿನ ಬಾಗಿಲಿಗೆ ಅಂಟಿಸಿಹೋದ ನೋಟಿಸು ಓದಿ, ಒಲೆ ಆರಿಸಿ, ಈ ಅರ್ಜಿ ಬರೆಯಲು ಕೂತೆ. ‘ಸ್ಥಳೀಯರ ಸ್ಪಂದನೆ ಕಂಡುಬಾರದ ಕಾರಣ’ ಲುಕಾಸರನ್ನು ಈ ತಿಂಗಳ ಕೊನೆಗೇ ವಾಪಸು ಕಳುಹಿಸಲಾಗುವುದಂತೆ. ಮುಂದಿನ ತಿಂಗಳ ಮೊದಲ ಭಾನುವಾರ ನನ್ನ ಮಗಳು ನಿಶ್ಮಿತಾಳ ಮದುವೆ. ಲುಕಾಸ್ ಅಂಕಲ್ ಊದದಿದ್ದರೆ ತನಗೆ ಛತ್ರವೂ ಬೇಡ, ಮಂಟಪವೂ ಬೇಡ, ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಬರುತ್ತೇನೆ ಎಂದು ಅವಳು ಹಟ ಹಿಡಿದು ಕೂತಿದ್ದಾಳೆ. ಹೇಳಿದ್ದನ್ನು ಮಾಡಿಯೇ ತೀರುವವಳು. ಆ ಒಂದು ವಿಷಯದಲ್ಲಿ ಅವಳು ನನ್ನದೇ ಅಚ್ಚು.

ಸ್ಪಂದನೆ ಎಂದರೆ ಏನೆಂದು ತಮ್ಮ ಸಮಿತಿಯಲ್ಲಿ ಯಾರಿಗೂ ತಿಳಿಯದು ಎಂದು ನಾನು ಬರೆಯಲಾರೆ, ಅದು ಮರ್ಯಾದೆಯಲ್ಲ. ನಡೆದದ್ದನ್ನು ಮಾತ್ರ ಅರಿಕೆ ಮಾಡಿಕೊಳ್ಳುತ್ತೇನೆ. ನಾವು ಉಡುಪಿಯ ಕಡೆಯವರು. ನಮ್ಮಲ್ಲಿ ಸ್ಯಾಕ್ಸೊಫೋನ್ ಮಂಗಳವಾದ್ಯ. ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶ ಯಾವುದೇ ಇರಲಿ, ಅದಿಲ್ಲದೆ ಆಗುವುದಿಲ್ಲ. ಒಂದು ಮನೆಯಿಂದ ಅದು ಕೇಳಿಸಿತೆಂದರೆ ಅಲ್ಲಿ ಶುಭಕಾರ್ಯ ನಡೆಯುತ್ತಿದೆ, ನಮ್ಮನ್ನು ಮಾತ್ರ ಕರೆದಿಲ್ಲ ಎಂದೇ ನಾವು ತಿಳಿಯುವುದು. ವಯಸ್ಸಿಗೆ ಬಂದ ಮಗಳಿರುವ ಮನೆಯ ಗೋಡೆಗೆ ತಾಗಿಸಿ ಅಂಥ ವಾದ್ಯವನ್ನು ಪ್ರತಿಷ್ಠಾಪಿಸುವ ಮೊದಲು ತಾವು ಒಂದು ಮಾತು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಲುಕಾಸರು ಬಂದ ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಊದಿದ್ದೇ ತಡ, ಎರಡನೇ ಮಹಡಿಯ ಸೋಮವ್ವ ರೇಷ್ಮೆ ಸೀರೆ ಉಟ್ಟು, ತೆಂಗಿನಕಾಯಿ, ರವಿಕೆಯ ಕಣ ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು. ವಿಜಯಪುರದ ಕಡೆಯಿಂದ ಬಂದು ಇಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಸೋಮವ್ವ ನಮ್ಮ ನಡುವೆ ಇದ್ದೂ ಇದ್ದೂ ನಮ್ಮ ರೂಢಿಗಳನ್ನೆಲ್ಲ ಬಲ್ಲವಳು. “ಏನವ್ವಾ ಅಕ್ಕು, ಮಗಳ ಲಗ್ನ ಮಾಡ್ತಿ, ಒಂದ್ ಮಾತ್ ಹೇಳಬಾರದೇನ? ನಾ ಏನ್ ನಿಮ್ಮನಿ ತಾಟು ಎತ್ಕೊಂಡ್ ಹೋಗ್ತಿದ್ನೇನ?” ಎಂದು ಕಣ್ಣೊರೆಸಿಕೊಂಡಳು. ಅವಳಿಗೆ ಲುಕಾಸರನ್ನು ತೋರಿಸಿ ಸಮಾಧಾನಪಡಿಸುವಷ್ಟರಲ್ಲಿ ಹಿಂದಿನ ಕಾಲೊನಿಯಿಂದ ಮತ್ತಿಬ್ಬರು ಬಂದರು. ಮುಯ್ಯಿಯ ಕವರು ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳುಹಿಸುವುದು ಹೇಗೆ? ಹೋಟೆಲಿನ ಗಲ್ಲಾದಲ್ಲಿ ಆಯುಷ್ಯ ಕಳೆದ ನನ್ನ ಯಜಮಾನರು, “ಬಂದವರಿಗೆ ಚಾ ಕೊಡು ಮಾರಾಯ್ತಿ, ಮತ್ತೆ ನೋಡುವ” ಎಂದು ಪೇಪರು ಬಿಡಿಸಿಕೊಂಡರು. ಆ ವಾರವಿಡೀ ನಾನು ಗೋಳಿಬಜೆ ಕರಿದೆ, ಮತ್ತು ಪ್ರತಿಯೊಬ್ಬರಿಗೂ ತಮ್ಮ ಸೋದರಿ ನಗರದ ಕತೆಯನ್ನು ಮೊದಲಿನಿಂದ ಹೇಳಿದೆ. ಇಷ್ಟು ಪ್ರಚಾರವನ್ನು ತಮ್ಮ ಸಮಿತಿಯಾದರೂ ಮಾಡಿರಲಾರದು.

ಆಮೇಲೆ ಬಂತು ಆ ಭಾನುವಾರ. ಜೋಗೇಶ್ವರಿಯಿಂದ ಒಂದು ಒಳ್ಳೆಯ ಮನೆತನದವರು ನಿಶ್ಮಿತಾಳನ್ನು ನೋಡಲು ಬರುವವರಿದ್ದರು. ನಾನು ಕಡಲೆಬೇಳೆ ಪಾಯಸ ಮಾಡಿಟ್ಟಿದ್ದೆ. ಅವರ ಕಾರು ಗೇಟಿಗೆ ಬರುವುದಕ್ಕೂ ಲುಕಾಸರು ಬಾಲ್ಕನಿಗೆ ಬರುವುದಕ್ಕೂ ಸರಿಹೋಯಿತು. ಅಂದು ಅವರು ಊದಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ, ಅಷ್ಟು ಚಂದ. ಬಿಲ್ಡಿಂಗ್‌ಗೆ ಹೊಸದಾಗಿ ಬಂದವರಂತೂ ಇದು ನಿಶ್ಚಿತಾರ್ಥವೇ ಎಂದು ತಿಳಿದು ಮಕ್ಕಳುಮರಿ ಸಮೇತ ಮೆಟ್ಟಿಲು ಹತ್ತುತ್ತಿದ್ದರು. ಹುಡುಗನ ತಂದೆ ಇದನ್ನೆಲ್ಲ ಕೆಳಗಿನಿಂದ ನೋಡಿ, ಬೇರೆಯವರಿಗೆ ಕೊಟ್ಟಾದ ಹುಡುಗಿಯನ್ನು ತೋರಿಸಲು ನಮ್ಮನ್ನು ಕರೆದರೇ ಎಂದು ವಾಚ್‌ಮನ್ ಹತ್ತಿರ ಕೇಳಿ, ಕಾರು ತಿರುಗಿಸಿಕೊಂಡು ಹೋದರು. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ, ಸ್ವಾಮಿ. ತಮ್ಮನ್ನೂ ಲುಕಾಸರನ್ನೂ ಆ ಚಳಿಯ ಊರನ್ನೂ ಮನಸಾರೆ ಬೈದೆ.

ಅಷ್ಟರಲ್ಲಿ ಯಾರೋ ಲುಕಾಸರ ಫೋಟೊ ತೆಗೆದು, ‘ನಿಶ್ಮಿತಾಳಿಗೆ ಅಭಿನಂದನೆ’ ಎಂದು ಬಿಲ್ಡಿಂಗ್‌ನ ವಾಟ್ಸಾಪಿಗೆ ಹಾಕಿದ್ದರು. ಅದನ್ನು ಮಲಾಡ್‌ಗೆ ಫಾರ್ವರ್ಡ್ ಮಾಡಿದ್ದು ಯಾರೆಂದು ಕೇಳಿದರೆ ನಿಶ್ಮಿತಾ ಈಗಲೂ ಕಿಟಕಿಯ ಹೊರಗೆ ನೋಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗ ಏದುಸಿರು ಬಿಡುತ್ತ ಬಂದು ನಮ್ಮ ಬಾಗಿಲಲ್ಲಿ ನಿಂತ. ಹೆಸರು ಸುಹಾಸ; ನಿಶ್ಮಿತಾಳ ಆಫೀಸಿನವನು, ಅಪ್ಪ ಅಮ್ಮ ನಮ್ಮ ಕಡೆಯವರೇ, ಮಲಾಡ್‌ನಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಕನ್ನಡ ಮಾತ್ರ ಸ್ವಲ್ಪ ಕುಂಟುತ್ತದೆ. ಯಜಮಾನರು ಕೈಗಿತ್ತ ಪಾಯಸದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಚಮಚವನ್ನೂ ಬಾಯಿಗಿಡದೆ, “ಖುಷಿ ಇದ್ದೇನೆ ಆಂಟಿ, ಬಹುತ್ ಖುಷಿ ಇದ್ದೇನೆ” ಎಂದು ಹೇಳುತ್ತಿದ್ದ ಆ ಹುಡುಗನ ಮುಖ ನೋಡಲಾಗುತ್ತಿರಲಿಲ್ಲ. ಒಳಗಿನಿಂದ ಬಂದ ನಿಶ್ಮಿತಾ, “ಯಾರ ಜೊತೆಗೂ ಆಗ್ಲಿಲ್ಲ, ಪಾಗಲ್. ಪಾಯಸ ತಿನ್ನು” ಎಂದಳು. ಅವನು ತಿಂದ, ಇನ್ನೊಮ್ಮೆ ಹಾಕಿಸಿಕೊಂಡೂ ತಿಂದ. ಗೋಡೆಯಾಚೆ ಲುಕಾಸರು ಊದುತ್ತಲೇ ಇದ್ದರು. ಮಗಳ ಮುಖದಲ್ಲಿ ಅಂಥ ನಗುವನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು, ನನಗೆ ತಡೆಯಲಾರದಷ್ಟು ಸಂತೋಷವಾಯಿತು.

ಇನ್ನು ತಮ್ಮ ನೋಟಿಸಿನ ಮೂಲಕ್ಕೆ ಬರುತ್ತೇನೆ. ಕಳೆದ ತಿಂಗಳು ನಮ್ಮ ಮನೆಯಲ್ಲಿ ಸುಹಾಸನೊಂದಿಗೆ ನಿಶ್ಮಿತಾಳ ನಿಜವಾದ ನಿಶ್ಚಿತಾರ್ಥ ನಡೆಯಿತು. ಬಿಲ್ಡಿಂಗ್‌ನವರನ್ನೆಲ್ಲ ಬಾಯಿತುಂಬ ಕರೆದಿದ್ದೆ. ವಾದ್ಯ ಶುರುವಾದ ಕೂಡಲೇ ಬರುತ್ತೇವೆ ಎಂದು ಎಲ್ಲರೂ ಒಪ್ಪಿದ್ದರು. ವಾದ್ಯ ಶುರುವಾಯಿತು. ಲುಕಾಸರು ನನ್ನ ಯಜಮಾನರ ಬಿಳಿ ಪಂಚೆ ಉಟ್ಟು ಪ್ರಾಣವಿಟ್ಟು ಊದಿದರು. ಬಿಲ್ಡಿಂಗ್‌ನವರು ಒಬ್ಬರೂ ಬರಲಿಲ್ಲ. ಆಮೇಲೆ ಕೇಳಿದರೆ ಸೋಮವ್ವ, “ದಿನಾ ಊದ್ತಾನಲ್ಲ, ಅದೇ ಇರಬೇಕಂತ ಅಕ್ಕಿ ಆರಿಸ್ಕೋತ ಕುಂತಿದ್ನಿ” ಎಂದಳು. ಸ್ಪಂದನೆಯನ್ನು ಅಳೆಯಲು ತಮ್ಮ ಅಧಿಕಾರಿಗಳು ಆರಿಸಿಕೊಂಡದ್ದು ಸರಿಯಾಗಿ ಆ ಹೊತ್ತನ್ನೇ. ಖಾಲಿ ಕುರ್ಚಿಗಳನ್ನು ನೋಡಿದರು, ಬರೆದುಕೊಂಡರು. ಸ್ಪಂದನೆ ಇಲ್ಲದ ಜನರಲ್ಲ ಸ್ವಾಮಿ ಅವರು, ಮಿತಿಮೀರಿದ ಸ್ಪಂದನೆ ಮಾಡಿ ಮಾಡಿ ಸುಸ್ತಾದ ಜನ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ. ತಾವೇ ಈ ಎರಡು ನಗರಗಳನ್ನು ಅಕ್ಕತಂಗಿಯರನ್ನಾಗಿ ಮಾಡಿದ್ದೀರಿ. ನಿಶ್ಮಿತಾ ಮುಂಬಯಿಯ ಮಗಳು, ಲುಕಾಸರು ಆ ನಗರದ ಮಗ. ನಮ್ಮ ಲೆಕ್ಕದಲ್ಲಿ ಅಕ್ಕತಂಗಿಯರ ಮಕ್ಕಳು ಒಡಹುಟ್ಟಿದವರೇ. ಹಾಗಾದರೆ ತಲೆ ಬೋಳಾಗಿದ್ದರೂ ಲುಕಾಸರು ನನ್ನ ಮಗಳಿಗೆ ದೊಡ್ಡಮ್ಮನ ಮಗ, ಅಣ್ಣ. ತಂಗಿಯ ಮದುವೆ ಎದುರಿಗಿಟ್ಟುಕೊಂಡು ಅಣ್ಣನನ್ನು ವಿಮಾನ ಹತ್ತಿಸುವ ಕಾನೂನು ಯಾವ ಒಪ್ಪಂದದಲ್ಲಿದೆ? ಅವರನ್ನು ಮದುವೆ ಕಳೆಯುವವರೆಗೆ ಇಲ್ಲೇ ಬಿಡಿ. ಅಷ್ಟೇ ಅಲ್ಲ, ಮದುವೆಗೆ ಮುಂಚಿನ ಒಂದು ವಾರ ಅವರು ವಾದ್ಯ ಮುಟ್ಟಕೂಡದೆಂದು ತಾವೇ ಲಿಖಿತ ಆದೇಶ ಕೊಡಿ. ಬಿಲ್ಡಿಂಗ್ ಏಳು ದಿನ ಸುಮ್ಮನಿರಲಿ. ಎಂಟನೇ ದಿನ ದಿಬ್ಬಣ ಹೊರಡುವಾಗ ಅವರು ಊದಿದರೆ, ಇದು ಅಭ್ಯಾಸವಲ್ಲ, ಅಕ್ಕುವಿನ ಮಗಳ ಮದುವೆಯೇ ಎಂದು ಎಲ್ಲರಿಗೂ ಗೊತ್ತಾಗಬೇಕು. ನನಗೂ ಆಗಲೇ ನಂಬಿಕೆ ಬರುವುದು.

ಮದುವೆಯ ಊಟದವರೆಗೂ, ಲುಕಾಸರನ್ನು ಉಳಿಸಿಕೊಟ್ಟರೆ ಅನಂತರವೂ,
ತಮ್ಮ ವಿಶ್ವಾಸಿ,
ಅಕ್ಕು ಚೆನ್ನಯ ಪೂಜಾರಿ

ತಾ.ಕ.: ನಿಶ್ಚಿತಾರ್ಥದ ದಿನ ಊಟಕ್ಕೆ ಜನರಿಲ್ಲದ್ದರಿಂದ ತಮ್ಮ ಅಧಿಕಾರಿಗಳು ಮೂರು ಸಲ ಪಾಯಸ ಹಾಕಿಸಿಕೊಂಡರು, ವರದಿಯಲ್ಲಿ ಅದು ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿ. ಇನ್ನೊಂದು: ಸೋಮವ್ವನ ಮಗ ಬಸುವಿಗೆ ಎಷ್ಟು ಹುಡುಕಿದರೂ ಹೆಣ್ಣು ಕೂಡಿಬರುತ್ತಿಲ್ಲ, ಮನಸ್ಸಿನಲ್ಲಿ ಯಾರಿದ್ದಾಳೆಂದು ಅವನೋ ಬಾಯಿಯೇ ಬಿಡುವುದಿಲ್ಲ. ನಮ್ಮ ಮದುವೆ ಮುಗಿದ ಮೇಲೆ ಲುಕಾಸರನ್ನು ಒಂದು ತಿಂಗಳು ಎರಡನೇ ಮಹಡಿಗೆ ವರ್ಗ ಮಾಡಿಕೊಡಬೇಕೆಂದು ಅವಳು ಕೇಳಿಕೊಂಡಿದ್ದಾಳೆ. ವಾದ್ಯ ಕೇಳಿ, ಸುಹಾಸನ ಹಾಗೆ ಮುಖ ಸಣ್ಣ ಮಾಡಿಕೊಂಡು ಮೆಟ್ಟಿಲು ಹತ್ತಿ ಓಡಿಬರುವವಳು ಯಾರೆಂದು ನಾವೇ ನೋಡಿಕೊಳ್ಳುತ್ತೇವೆ.