ಗಿಟಾರಿಗೆ ಕಾಲು ಬಂದದ್ದು

ಸಹಾಯ ಕೇಳುವವರಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ದೋಷವಿರುವುದೆಲ್ಲ ಸಹಾಯ ಮಾಡಲು ಹೊರಡುವವರಲ್ಲಿ. ನೀರು ಕೇಳಿದರೆ ಒಂದು ಲೋಟ ನೀರು ಕೊಟ್ಟು ಸುಮ್ಮನಾಗುವ ಪುಣ್ಯವಂತರು ಬೇರೆ. ಕೇಳಿದವನನ್ನು ಜಗುಲಿಯ ಮೇಲೆ ಕೂರಿಸಿ, ಹಿತ್ತಿಲಲ್ಲಿ ಬಾವಿ ತೋಡಲು ಗುದ್ದಲಿ ಹುಡುಕುವವರು ಬೇರೆ. ನಾನು ಎರಡನೆಯ ಪಂಗಡದವನು. ಗೋಡೆ ಗಡಿಯಾರ ಸ್ವಲ್ಪ ನಿಧಾನವಾಗಿದೆ ಎಂದು ನನ್ನ ಹೆಂಡತಿ ಗಿರಿಜೆ ಒಮ್ಮೆ ಬಾಯಿತಪ್ಪಿ ಅಂದಳು. ಅದನ್ನು ವಿದ್ಯುತ್ತಿನಿಂದ ಓಡಿಸಿ, ಗಂಟೆಗೊಮ್ಮೆ ಬೇರೆ ಬೇರೆ ಬಣ್ಣದ ದೀಪ ಹತ್ತುವಂತೆ ಮಾಡಲು ಹೊರಟೆ. ದೀಪಗಳೇನೋ ಹತ್ತಿದವು. ಗಂಟೆ ಎಷ್ಟೆಂದು ತಿಳಿಯಲು ಮಾತ್ರ ಪಕ್ಕದ ಮನೆಗೆ ಹೋಗಬೇಕಾಯಿತು. ಚಿತ್ರದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆನಾದ್ದರಿಂದ, ಇಂಥ ಕೆಲಸಗಳನ್ನು ಜನ ಹುಚ್ಚು ಎನ್ನದೆ ಪ್ರಯೋಗ ಎನ್ನುತ್ತಿದ್ದರು. ಅದೊಂದು ಅನುಕೂಲವಿತ್ತು.

ಎಪ್ಪತ್ತರ ದಶಕದ ಮಾತು. ಗಿರಿಜೆಯ ತಮ್ಮ ತಿಪ್ಪೇಸ್ವಾಮಿ ಹಿರಿಯೂರಿನ ಕಡಲೆಕಾಯಿ ಎಣ್ಣೆ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ. ಅದು ಹೊಟ್ಟೆಪಾಡು. ಅವನ ಜೀವವಿದ್ದದ್ದು ಗಿಟಾರಿನಲ್ಲಿ. ಎದೆಗವಚಿಕೊಂಡು ನುಡಿಸುವ ಗಿಟಾರಲ್ಲ. ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಬೆರಳುದ್ದದ ಉಕ್ಕಿನ ಸರಳು ಹಿಡಿದು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಸ್ಟೀಲ್ ಗಿಟಾರ್. ಮದುವೆಮನೆಯ ಆರ್ಕೆಸ್ಟ್ರಾದಲ್ಲಿ ಅವನು ಆ ಸರಳನ್ನು ಜಾರಿಸಿದನೆಂದರೆ ಊಟದ ಪಂಕ್ತಿಯಲ್ಲಿ ಕೂತವರೂ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಹೀಗಿರುವಾಗ ಹೊಸದುರ್ಗದ ರಸ್ತೆಯಲ್ಲಿ ಸೈಕಲ್ಲಿನ ಮೇಲೆ ಬರುತ್ತಿದ್ದವನಿಗೆ ಕುರಿಹಿಂಡು ಅಡ್ಡ ಬಂತು. ಕುರಿಗಳು ಎಡಕ್ಕೆ ಸರಿಯುತ್ತವೆಂದುಕೊಂಡು ಇವನು ಬಲಕ್ಕೆ ತಿರುಗಿಸಿದ. ಕುರಿಗಳಿಗೂ ಬಲಕ್ಕೇ ಹೋಗಬೇಕೆನ್ನಿಸಿತ್ತು. ಮುರಿದ ಎಡ ಮಣಿಕಟ್ಟಿಗೆ ನಾಟಿ ಕಟ್ಟು ಹಾಕಿಸಿದರು, ಮೂಳೆ ಕೂಡಿತು. ಆದರೆ ಕೈ ಓರೆಯಾಗಿ ತಿರುಗುವುದನ್ನು ಬಿಟ್ಟುಬಿಟ್ಟಿತು. ಸರಳನ್ನು ನೇರವಾಗಿ ಜಾರಿಸಬಲ್ಲ, ಓರೆ ಹಿಡಿಯಲಾರ. ಓರೆ ಹಿಡಿಯದಿದ್ದರೆ ಎರಡು ತಂತಿಗಳನ್ನು ಜೊತೆಯಾಗಿ ಮೀಟಿದಾಗ ಸ್ವರಗಳು ಒಂದಕ್ಕೊಂದು ಕೂಡುವುದಿಲ್ಲ.

ಆರ್ಕೆಸ್ಟ್ರಾ ನಡೆಸುತ್ತಿದ್ದ ರಂಗಪ್ಪ ಮಾಸ್ತರು ಕೆಟ್ಟವರಲ್ಲ. ಅವನನ್ನು ಬಿಡಿಸಲಿಲ್ಲ, ಕೈಗೆ ಎರಡು ಗಿಲಕಿ ಕೊಟ್ಟು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಹೊಳಲ್ಕೆರೆಯ ಒಂದು ಮದುವೆಯಲ್ಲಿ ನಾನೇ ಅದನ್ನು ನೋಡಿದೆ. ತೊಟ್ಟಿಲ ಕೂಸಿನ ಮುಂದೆ ಆಡಿಸುವಂಥದನ್ನು ಹಿಡಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಗುತ್ತ ಆಡಿಸುತ್ತಿದ್ದ. ಆ ನಗುವನ್ನು ನನ್ನಿಂದ ನೋಡಲಾಗಲಿಲ್ಲ. ಪಾಯಸವೂ ಸೇರಲಿಲ್ಲ. ಮರುವಾರ ಅವನೇ ದುರ್ಗಕ್ಕೆ ಬಂದು, ಬಹಳ ಸಂಕೋಚದಿಂದ ಕೇಳಿದ.

"ಭಾವ, ಕಾಲಲ್ಲಿ ಒತ್ತಿದ್ರೆ ಎರಡು ತಂತಿ ಒಂಚೂರು ಬಿಗಿಯಾಗೋ ಹಂಗೆ ಮಾಡಾಕೆ ಆಗ್ತೈತಾ? ಅಷ್ಟಾದ್ರೆ ಕೈ ಓರೆ ಮಾಡೋದೇ ಬ್ಯಾಡ. ಅಮೆರಿಕದಾಗೆ ಅಂಥವು ಅವೆಯಂತೆ."

ಕೇಳಿದ್ದು ಇಷ್ಟೆ. ಎರಡು ತಂತಿ, ಒಂದು ಕಾಲು. ಮೊದಲ ವಾರ ನಾನೂ ಸಜ್ಜನನಂತೆಯೇ ನಡೆದುಕೊಂಡೆ. ಗಿರಿಜೆಯ ಹೊಲಿಗೆ ಮಿಷನ್ನಿನ ಕಾಲ್ಮಣೆ ಕಣ್ಣಿಗೆ ಬಿತ್ತು. ಮುಂಗಾಲು ಒತ್ತಿದರೆ ಮುಂದಕ್ಕೆ, ಹಿಮ್ಮಡಿ ಒತ್ತಿದರೆ ಹಿಂದಕ್ಕೆ ತೂಗುವ ಕಬ್ಬಿಣದ ಹಲಗೆ ಅದು. ಎರಡೂ ತುದಿಗೆ ಸೈಕಲ್ಲಿನ ಬ್ರೇಕ್ ತಂತಿ ಕಟ್ಟಿ, ಆ ತಂತಿಗಳು ಗಿಟಾರಿನ ಬುಡದಲ್ಲಿ ಒಂದೊಂದು ಸಣ್ಣ ಸನ್ನೆಕೋಲನ್ನು ಎಳೆಯುವಂತೆ ಮಾಡಿದರೆ ಆಯಿತು: ಮುಂಗಾಲಿಗೆ ಒಂದು ತಂತಿ ಏರುತ್ತದೆ, ಹಿಮ್ಮಡಿಗೆ ಇನ್ನೊಂದು. ಮದುವೆಯ ಕಾಲವಾದ್ದರಿಂದ ಕೇರಿಯ ಕುಬಸಗಳೆಲ್ಲ ನಮ್ಮ ಮನೆಯಲ್ಲಿ ರಾಶಿ ಬಿದ್ದಿದ್ದವು. ನಾನು ಸ್ಪ್ಯಾನರ್ ಹಿಡಿದು ಮಿಷನ್ನಿನ ಕೆಳಗೆ ಮಲಗಿದ್ದನ್ನು ಕಂಡು ಗಿರಿಜೆ, "ನನ್ನ ಮಿಷನ್ನಿನ ಕಾಲು ಕಿತ್ತು ನನ್ನ ತಮ್ಮನ ಕೈ ಸರಿ ಮಾಡ್ತೀರಾ?" ಎಂದಳು. ಬೈಗುಳವೋ ಒಪ್ಪಿಗೆಯೋ ತಿಳಿಯಲಿಲ್ಲ. ಸಂದೇಹದ ಲಾಭವನ್ನು ನಾನು ಪಡೆದುಕೊಂಡೆ. ಅವಳು ಅಂದಿನಿಂದ ಕೈಯಲ್ಲಿ ಚಕ್ರ ತಿರುಗಿಸಿ ಹೊಲಿಯತೊಡಗಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕಾಲ್ಮಣೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಆಗ ಟ್ರಾನ್ಸಿಸ್ಟರಿನ ಕಾಲ. ಹೊಲದಲ್ಲಿ ಕಳೆ ಕೀಳುವವರ ಬುಟ್ಟಿಯಲ್ಲೂ ಟ್ರಾನ್ಸಿಸ್ಟರ್ ರೇಡಿಯೊ ಹಾಡುತ್ತಿರುವಾಗ, ಭೌತಶಾಸ್ತ್ರ ಓದಿದವನೊಬ್ಬ ಬರೀ ಬ್ರೇಕ್ ತಂತಿ ಕಟ್ಟಿ ಕೈತೊಳೆದುಕೊಳ್ಳುವುದು ನಾಚಿಕೆಗೇಡೆನಿಸಿತು. ಅಮೆರಿಕದವರೇ ಬಂದು ನೋಡಿ ಹೋಗುವಂಥ, ಮುಂದಿನ ತಲೆಮಾರಿನ ಗಿಟಾರ್ ಮಾಡುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ತಂತಿಯ ಕಂಪನ ಹಿಡಿಯಲು ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿದೆ. ಸುತ್ತಲು ಗಿರಿಜೆಯ ಮಿಷನ್ನಿನ ಬಾಬಿನ್ ಚಕ್ರವನ್ನೂ ಕಿತ್ತುಕೊಂಡೆ. ನಾದ ಬೇಗ ಸಾಯದಂತೆ ಎಳೆದು ನಿಲ್ಲಿಸಲು ಒಂದು ವಿದ್ಯುತ್ ಮಂಡಲ, ನಾದ ನಡುಗಲು ಒಂದು, ಉಬ್ಬಲು ಒಂದು. ಪ್ರತಿಯೊಂದಕ್ಕೂ ತಿರುಗಿಸುವ ಗುಂಡಿ. ಪ್ರತಿಧ್ವನಿಗಾಗಿ ಬಿಸ್ಕತ್ತಿನ ಡಬ್ಬಿಯೊಳಗೆ ಉದ್ದನೆಯ ಸ್ಪ್ರಿಂಗ್ ಕಟ್ಟಿದೆ. ಒಳ್ಳೆಯ ಪ್ರತಿಧ್ವನಿ ಹೇಗಿರುತ್ತದೆಂದು ಅಭ್ಯಾಸ ಮಾಡಲು ಒಂದು ಭಾನುವಾರ ಚಂದ್ರವಳ್ಳಿಯ ಗುಹೆಗೆ ಹೋಗಿ, ಕತ್ತಲಲ್ಲಿ ನಿಂತು ಚಪ್ಪಾಳೆ ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟಿದೆ. ಬುತ್ತಿ ಕಟ್ಟಿಕೊಂಡು ಬಂದಿದ್ದ ತುರುವನೂರಿನ ಸಂಸಾರವೊಂದು ನನ್ನನ್ನು ಸಾಧುವೆಂದು ತಿಳಿದು, ಎಲೆಯಲ್ಲಿ ಚಿತ್ರಾನ್ನ ಇಟ್ಟು ಕೈಮುಗಿದು ಹೋಯಿತು. ಚಿತ್ರಾನ್ನ ಚೆನ್ನಾಗಿತ್ತು.

ತಿಪ್ಪೇಸ್ವಾಮಿ ವಾರಕ್ಕೊಮ್ಮೆ ಬಂದು ಕಾಲ್ಮಣೆ ತುಳಿದು ಅಭ್ಯಾಸ ಮಾಡುತ್ತಿದ್ದ. ಬಂದಾಗಲೆಲ್ಲ ಗುಂಡಿಗಳು ಹೆಚ್ಚಾಗಿರುತ್ತಿದ್ದವು. ಅವನ್ನು ನೋಡಿ, "ಚೆನ್ನಾಗವೆ ಭಾವ" ಎಂದು ಮೆಲ್ಲಗೆ ಹೇಳಿ, ಒಂದನ್ನೂ ಮುಟ್ಟದೆ ನುಡಿಸುತ್ತಿದ್ದ. ಅವನಿಗೆ ಭಯವಿರಬೇಕೆಂದುಕೊಂಡೆ. ಸರಳನ್ನೂ ನಾನೇ ಹೊಸದಾಗಿ ಮಾಡಿದೆ. ಅವನ ಹಳೆಯದು ಹಗುರವಾಗಿತ್ತು, ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಸ್ಟೇನ್‌ಲೆಸ್ ಸ್ಟೀಲಿನ ತುಂಡನ್ನು ಕಾಲೇಜಿನ ವರ್ಕ್‌ಶಾಪಿನಲ್ಲಿ ಕಡೆಸಿ, ಮುಖ ಕಾಣುವಂತೆ ಉಜ್ಜಿ ಉಜ್ಜಿ ನುಣುಪು ಮಾಡಿದೆ. ಸ್ಟೀಲ್ ಗಿಟಾರಿನಲ್ಲಿ ಈ ನುಣುಪೇ ಎಲ್ಲ. ಸರಳಿನ ಮೇಲೆ ಒಂದು ಗೀರು ಬಿದ್ದರೂ ತಂತಿ ಅದನ್ನು ಊರಿಗೆಲ್ಲ ಸಾರಿ ಹೇಳುತ್ತದೆ.

ಬಿ.ದುರ್ಗದಲ್ಲಿ ಒಂದು ದೊಡ್ಡ ಮದುವೆಯಿತ್ತು. ರಂಗಪ್ಪ ಮಾಸ್ತರು ತಿಪ್ಪೇಸ್ವಾಮಿಗೆ ನೇರವಾಗಿಯೇ ಹೇಳಿದ್ದರು: "ನೋಡಪ್ಪ, ಇದೊಂದು ಮದುವಿಯಾಗೆ ನುಡಿಸು. ಸರಿ ಹೋದ್ರೆ ಗಿಟಾರ್ ನಿಂದು. ಇಲ್ದಿದ್ರೆ ಬ್ಯಾರೆಯವ್ರನ್ನ ಕರ್ಕಂತೀನಿ, ನಿನಗೆ ಗಿಲಕೀನೇ ಖಾಯಂ." ಮಗನ ಈ ಪರೀಕ್ಷೆ ನೋಡಲೆಂದು ನಮ್ಮ ಅತ್ತೆ ಗಂಗಮ್ಮ ಹೊಸದುರ್ಗದಿಂದ ಹಿಂದಿನ ದಿನವೇ ಬಂದರು. ಗುಂಡಿಗಳ ಪೆಟ್ಟಿಗೆಯನ್ನು ಸುತ್ತಿ ಸುತ್ತಿ ನೋಡಿದರು. ಇದು ಮುಂದಿನ ತಲೆಮಾರಿನ ಗಿಟಾರ್ ಎಂದು ನಾನು ವಿವರಿಸಿದೆ. "ಗಿಟಾರಿಗೆ ಮುಂದಿನ ತಲೆಮಾರು ಬಂತು, ಸಂತೋಷ. ನನ್ನ ಮಗಳಿಗೆ ಯಾವಾಗ ಬರ್ತೈತೆ ಅಳಿಯಂದ್ರೇ?" ಎಂದರು. ಗಿರಿಜೆ ಒಳಗೆ ಹೋದಳು. ನಾನು ಬಿಸ್ಕತ್ತಿನ ಡಬ್ಬಿಯ ತಿರುಪು ಬಿಗಿ ಮಾಡತೊಡಗಿದೆ. ಮರುದಿನ ಮಧ್ಯಾಹ್ನ ಸಾಮಾನು ಕಟ್ಟುವಾಗ ಸರಳು ಎಲ್ಲಿ ಎಂದು ಹುಡುಕಿದರೆ, "ಬಟ್ಟೆ ಸುತ್ತಿ ಪೆಟ್ಟಿಗೆಯಾಗೆ ಇಟ್ಟೀನಿ, ನಡ್ರಿ ಹೋಗಾಣ" ಎಂದರು ಅತ್ತೆ. ಎಂಥ ಜವಾಬ್ದಾರಿಯ ಹೆಂಗಸು ಎಂದು ಮೆಚ್ಚಿಕೊಂಡೆ.

ಸಂಜೆ ಚಪ್ಪರ ತುಂಬಿತ್ತು. ತಿಪ್ಪೇಸ್ವಾಮಿ ಕುಳಿತ, ಕಾಲ್ಮಣೆಯ ಮೇಲೆ ಪಾದವಿಟ್ಟ. ನಾನು ಪಕ್ಕದಲ್ಲಿ ನಿಂತು ಎಲ್ಲ ಗುಂಡಿಗಳನ್ನೂ ಧಾರಾಳವಾಗಿ ತಿರುಗಿಸಿದೆ. ಅವನು ಕಣ್ಣನ್ನು ಸಭೆಯ ಮೇಲಿಟ್ಟೇ ಬಟ್ಟೆಯಿಂದ ಸರಳನ್ನು ತೆಗೆದು, ಸೋಬಾನೆಯ ಮಟ್ಟೊಂದನ್ನು ಎತ್ತಿಕೊಂಡು ಜಾರಿಸಿದ. 'ಝರ್‍ರ್ರ್' ಎಂದಿತು. ಸೀದ ಬಾಣಲೆಯನ್ನು ಸೌಟಿನಿಂದ ಕೆರೆದಂಥ ಸದ್ದು. ಸದ್ದು ಅಲ್ಲಿಗೇ ಸಾಯುತ್ತಿತ್ತೋ ಏನೋ, ನನ್ನ ಮಂಡಲ ಅದನ್ನು ಸಾಯಲು ಬಿಡಲಿಲ್ಲ. ಎಳೆದು ನಿಲ್ಲಿಸಿತು, ನಡುಗಿಸಿತು, ಉಬ್ಬಿಸಿತು. ಬಿಸ್ಕತ್ತಿನ ಡಬ್ಬಿ ಅದನ್ನು ಚಂದ್ರವಳ್ಳಿಯ ಗುಹೆಯಲ್ಲಿ ಕೆರೆದಂತೆ ಮತ್ತೆ ಮತ್ತೆ ಕೇಳಿಸಿತು. ಮುಂದೆ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರು, "ಏನಪ್ಪ, ಕುರಿ ಉಣ್ಣೆ ಕತ್ತರಿಸ್ತಾನೇನು ಅವ್ನು?" ಎಂದರು. ಚಪ್ಪರವೆಲ್ಲ ನಕ್ಕಿತು. ರಂಗಪ್ಪ ಮಾಸ್ತರು ಗಿಲಕಿಗಳನ್ನು ಎತ್ತಿಕೊಂಡು ಅವನ ಕಡೆಗೆ ಬರತೊಡಗಿದರು.

ನಾನು ಸರಳನ್ನು ಕಿತ್ತುಕೊಂಡು ದೀಪಕ್ಕೆ ಹಿಡಿದೆ. ಸರಳಿನ ಸುತ್ತ, ಒಂದಿಷ್ಟೂ ಜಾಗ ಬಿಡದಂತೆ, ಚುಕ್ಕಿಚುಕ್ಕಿಯಾಗಿ ಅಕ್ಷರಗಳು. 'ಶ್ರೀ ಶಿವಮೂರ್ತಿ, ಬಿ.ಎಸ್ಸಿ., ಚಿತ್ರದುರ್ಗ, ಇವರ ಕೊಡುಗೆ.' ಕೊನೆಯಲ್ಲಿ ಉಳಿದ ಜಾಗಕ್ಕೆ ಒಂದು ಹೂಬಳ್ಳಿ. ಶಿವಮೂರ್ತಿ ಎಂದರೆ ನಾನೇ. ಮೊದಲ ಸಾಲಿನಲ್ಲಿ ಕೂತಿದ್ದ ಅತ್ತೆಯ ಹತ್ತಿರ ಹೋಗಿ, ಇದೇನೆಂದು ಕೇಳಿದೆ.

"ಸ್ಟೀಲ್ ಸಾಮಾನಲ್ಲೇನ್ರಿ ಅದು? ಮದುವಿ ಮನೆಗೆ ಒಯ್ಯೋ ಸ್ಟೀಲ್ ಸಾಮಾನಿಗೆ ಹೆಸರಿಲ್ದಿದ್ರೆ ವಾಪಸ್ ಬರ್ತೈತಾ? ನನ್ನ ಎರಡು ಚೊಂಬು ಹಂಗೇ ಹೋದ್ವು. ಬೆಳಿಗ್ಗೆ ಪಾತ್ರೆ ಅಂಗಡಿಯಾಗೆ ಹಾಕ್ಸಿಕಂಡು ಬಂದೆ. ಮೊದ್ಲು ಅವನ ಹೆಸರೇ ಹಾಕ್ಸಾಣ ಅಂದ್ಕಂಡಿದ್ದೆ. ಮಾಡಿದವ್ರು ನೀವಲ್ವಾ, ನಿಮ್ಮದೇ ಇರ್ಲಿ ಅಂತ ಹಾಕ್ಸಿದೆ" ಎಂದು ಹೆಮ್ಮೆಯಿಂದ ನಕ್ಕರು.

ಆ ಚುಕ್ಕಿಗಳನ್ನು ಹೊಡೆದವನು ಒಳ್ಳೆಯ ಕೆಲಸಗಾರ. ಒಂದೊಂದರ ಅಂಚೂ ಮುಳ್ಳಿನಂತೆ ಎದ್ದಿತ್ತು. ಸರಳನ್ನು ತಿಪ್ಪೇಸ್ವಾಮಿಯ ಕೈಗೆ ತುರುಕಿ, ಬದಲಿಗೆ ಏನಾದರೂ ನುಣುಪಾದದ್ದು ಸಿಕ್ಕೀತೆಂದು ಅಡಿಗೆಯವರಿದ್ದ ಹಿತ್ತಿಲಿಗೆ ಓಡಿದೆ. ಏಲಕ್ಕಿ ಕುಟ್ಟುವ ಗುಂಡು ಕೇಳಿದೆ. ಮದುಮಗನ ಕಡೆಯವರಿಗೆ ಹೊಟ್ಟೆನೋವೇ ಎಂದು ವಿಚಾರಿಸುತ್ತ ಅಡಿಗೆಯವನು ಹುಡುಕಿ ಕೊಟ್ಟ. ಅದನ್ನು ಹಿಡಿದು ತಿರುಗುವಷ್ಟರಲ್ಲಿ ಚಪ್ಪರದ ಕಡೆಯಿಂದ ಗಿಟಾರ್ ಕೇಳಿಸಿತು. ಕೆರೆತವಿಲ್ಲ, ಗುಹೆಯಿಲ್ಲ, ನಡುಕವಿಲ್ಲ. ಸೋಬಾನೆಯ ಅದೇ ಮಟ್ಟು. ಸ್ವರ ಒಂದರಿಂದ ಇನ್ನೊಂದಕ್ಕೆ ಮೆತ್ತಗೆ ಏರುತ್ತಿತ್ತು, ಹಾಡುವ ಹೆಂಗಸರ ಗಂಟಲು ಏರುವ ಹಾಗೆ. ಸರಳು ಜಾರಿದರೆ ತಾನೆ ನನ್ನ ಹೆಸರು ಕೆರೆಯುವುದು? ಹಿತ್ತಿಲಿನಿಂದಲೇ ಇಣುಕಿ ನೋಡಿದರೆ, ಅವನು ಜಾರಿಸುವುದನ್ನೇ ಬಿಟ್ಟಿದ್ದ. ಸರಳನ್ನು ಎತ್ತಿ ಎತ್ತಿ ನೇರವಾಗಿ ಇಡುತ್ತಿದ್ದ. ಜಾರುವ ಕೆಲಸವನ್ನೆಲ್ಲ ಕಾಲಿಗೆ ವಹಿಸಿದ್ದ. ಹೊಲಿಗೆ ಮಿಷನ್ನಿನ ಹಲಗೆ ಮುಂದಕ್ಕೂ ಹಿಂದಕ್ಕೂ ತೂಗುತ್ತ ಅವನ ಮುರಿದ ಕೈ ಮಾಡಲಾರದ್ದನ್ನು ಮಾಡುತ್ತಿತ್ತು. ಹೆಂಗಸರು ತಾವಾಗಿಯೇ ದನಿಗೂಡಿಸಿದರು. ಕೈಯಲ್ಲಿ ಗುಂಡು ಹಿಡಿದು ನಾನು ಅಲ್ಲೇ ನಿಂತೆ. ಅಳು ಬಂತು. ಅಡಿಗೆಯವನ ಎದುರು ಅತ್ತುಬಿಟ್ಟೆ.

ವೇದಿಕೆಯ ಹತ್ತಿರ ಬಂದು ನೋಡಿದರೆ ನನ್ನ ಗುಂಡಿಗಳೆಲ್ಲ ಸೊನ್ನೆಗೆ ತಿರುಗಿದ್ದವು. ತಿಪ್ಪೇಸ್ವಾಮಿಯ ಹಿಂದೆ ರಂಗಪ್ಪ ಮಾಸ್ತರು ನಿಂತಿದ್ದರು. ಗಿಲಕಿಗಳು ಅವರ ಕೈಯಲ್ಲೇ ಇದ್ದವು. ತಾಳ ತಪ್ಪದಂತೆ ಅವರೇ ಆಡಿಸುತ್ತಿದ್ದರು.

ಮರಳಿ ಬರುವಾಗ ಬಸ್ಸಿನಲ್ಲಿ ತಿಪ್ಪೇಸ್ವಾಮಿ ನನ್ನ ಪಕ್ಕ ಕೂತು, ಮೊದಲಿನಂತೆಯೇ ಸಂಕೋಚದಿಂದ, "ಭಾವ, ಇನ್ನೊಂದು ಸರಳು ಮಾಡ್ಕೊಡ್ರಿ. ಹೆಸರಿಲ್ದಿರೋದು" ಎಂದ. ಮಾಡಿಕೊಟ್ಟೆ. ಅದಕ್ಕೆ ಒಂದೂ ಗುಂಡಿ ಸೇರಿಸಲಿಲ್ಲ. ಹೆಸರಿದ್ದ ಸರಳನ್ನು ಅತ್ತೆ ಹೊಸದುರ್ಗಕ್ಕೆ ಒಯ್ದರು. ಮೆಣಸು ಕುಟ್ಟಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲವಂತೆ, ಬರೆಹ ಇರುವುದರಿಂದ ಕಾಳು ಜಾರುವುದೇ ಇಲ್ಲವಂತೆ. ಬಂದವರಿಗೆಲ್ಲ ತೋರಿಸಿ, ನಮ್ಮ ಅಳಿಯಂದ್ರು ಕಂಡುಹಿಡಿದದ್ದು ಎನ್ನುತ್ತಾರೆ.